ಏನ್ ಕಾಣ್ತಿದೆ ಹೇಳಿ ಸಾರ್

ನನಗೊಂದು ಅಭ್ಯಾಸವಿದೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲವಾದರೆ ನೀವು ಎಂದಾದರೂ ಹೆಬ್ಬಾಳದ ಸಿಗ್ನಲ್ಲಿನಲ್ಲಿ ನನ್ನನ್ನು ಕಂಡು, ಪಾಪ, ಮೇಷ್ಟ್ರಿಗೆ ಏನೋ ಆಗಿದೆ ಎಂದುಕೊಂಡೀರಿ. ನಾನು ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. "ಮುಂದೆ ಟಿಪ್ಪರು. ಎಡಕ್ಕೆ ಸ್ಕೂಟರು. ಸ್ಕೂಟರಿನ ಹಿಂದೆ ಅಜ್ಜಿ. ಅಜ್ಜಿಯ ತೊಡೆಯ ಮೇಲೆ ಟೇಬಲ್ ಫ್ಯಾನು. ಬಲಕ್ಕೆ ಆಟೊ. ಆಟೊದವನು ನನ್ನನ್ನೇ ನೋಡುತ್ತಿದ್ದಾನೆ."

ಕಾರಿನೊಳಗಷ್ಟೇ ಆಗಿದ್ದರೆ ಗಾಜು ಏರಿಸಿಕೊಂಡು ಮಾನ ಉಳಿಸಿಕೊಳ್ಳಬಹುದಿತ್ತು. ಈಗ ಅದು ಕಾಲ್ನಡಿಗೆಗೂ ಅಂಟಿಕೊಂಡಿದೆ. ತರಕಾರಿ ತರಲು ಹೊರಟರೆ, "ಎದುರಿಗೆ ಹಸು, ಹಸುವಿನ ಬಾಯಲ್ಲಿ ಹೂಕೋಸು, ಹೂಕೋಸಿನ ಹಿಂದೆ ಅಂಗಡಿಯವನು" ಎಂದು ಹೇಳಿಕೊಳ್ಳುತ್ತಲೇ ಪಕ್ಕಕ್ಕೆ ಸರಿಯುತ್ತೇನೆ. ಈ ಕಾಲದ ಪುಣ್ಯ ಏನೆಂದರೆ, ಕಿವಿಗೆ ಏನನ್ನೋ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಮಾತನಾಡುವವರಿಂದ ನಮ್ಮ ಬ್ಯಾಟರಾಯನಪುರದ ರಸ್ತೆಗಳು ತುಂಬಿಹೋಗಿವೆ. ನನ್ನ ಕಿವಿ ಖಾಲಿ ಇರುವುದನ್ನು ಯಾರೂ ಗಮನಿಸುವುದಿಲ್ಲ. ಗಮನಿಸುವವಳು ನನ್ನ ಹೆಂಡತಿ ಸುಮಿತ್ರ ಒಬ್ಬಳೇ.

"ಯಾರ ಹತ್ರ ರೀ ಮಾತು?"

"ಯಾರ ಹತ್ರಾನೂ ಇಲ್ಲ. ನೋಡ್ತಾ ಇದ್ದೀನಿ."

"ನೋಡೋಕೆ ಬಾಯಿ ಯಾಕೆ ಬೇಕು?"

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಸ್ವಲ್ಪ ಉದ್ದವಿದೆ, ಕೂತುಕೊಳ್ಳಿ.

ನನ್ನಂಥ ಅನಿಶ್ಚಯದ ಮನುಷ್ಯ ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ ಇನ್ನೊಬ್ಬನಿರಲಾರ. ಐವತ್ತನಾಲ್ಕು ವರ್ಷ ನನಗೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಯಾವ ರಾಜ ಯಾವ ಯುದ್ಧದಲ್ಲಿ ಯಾವ ತಪ್ಪು ತೀರ್ಮಾನ ಮಾಡಿದ ಎಂಬುದನ್ನು ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ ಗಟ್ಟಿಯಾಗಿ ಹೇಳುತ್ತ ಬಂದಿದ್ದೇನೆ. ಆದರೆ ದರ್ಶಿನಿಯ ಕ್ಯಾಷ್ ಕೌಂಟರಿನ ಮುಂದೆ ನಿಂತು ಇಡ್ಲಿಯೋ ಖಾರಾಬಾತೋ ಎಂದು ಹೇಳಬೇಕಾಗಿ ಬಂದಾಗ ನಾಲಿಗೆ ಮೇಲಕ್ಕೇ ಏಳುವುದಿಲ್ಲ. ಹಿಂದಿನವರು "ಗುರು, ಬೇಗ ಹೇಳು ಗುರು" ಎನ್ನುತ್ತಾರೆ. ಗಾಬರಿಯಲ್ಲಿ ಏನೋ ಒಂದು ಹೇಳುತ್ತೇನೆ. ಆಮೇಲೆ ಪಕ್ಕದವರ ತಟ್ಟೆ ನೋಡಿಕೊಂಡು ತಿನ್ನುತ್ತೇನೆ.

ಒಮ್ಮೆ ಮನೆಗೆ ಮಿಕ್ಸಿ ಕೊಳ್ಳಬೇಕಾಯಿತು. ಕಾಗದದ ಮಧ್ಯೆ ಗೆರೆ ಎಳೆದು ಒಂದು ಕಡೆ ಒಳ್ಳೆಯದು, ಇನ್ನೊಂದು ಕಡೆ ಕೆಟ್ಟದ್ದು ಬರೆದರೆ ತಲೆ ತಿಳಿಯಾಗುತ್ತದೆಂದು ಫೋನಿನಲ್ಲಿ ಯಾರೋ ಟೈ ಕಟ್ಟಿಕೊಂಡವರು ಹೇಳಿದ್ದರು. ಬರೆದೆ. ಮೂರು ದಿನ ಬರೆದೆ. ಎರಡು ಹಾಳೆ ತುಂಬಿ ಮೂರನೆಯದಕ್ಕೆ ಕೈ ಹಾಕುವಾಗ ಅಡುಗೆಮನೆಯಿಂದ ಗರ್ರೆಂದು ಸದ್ದು ಬಂತು. ಸುಮಿತ್ರ ಹೊಸ ಮಿಕ್ಸಿಯಲ್ಲಿ ಚಟ್ನಿ ರುಬ್ಬುತ್ತಿದ್ದಳು. "ನಿಮ್ಮ ಪಟ್ಟಿ ಮುಗಿಸ್ಕೊಳ್ಳಿ, ಅರ್ಜೆಂಟ್ ಏನಿಲ್ಲ" ಎಂದಳು.

ಹಾಗೆಂದು ನಮ್ಮ ಮನೆತನದಲ್ಲೇ ಯೋಚನೆಯ ಶಿಸ್ತು ಇರಲಿಲ್ಲವೆಂದು ತಿಳಿಯಬೇಡಿ. ನಮ್ಮಪ್ಪ ಯಶವಂತಪುರದಲ್ಲಿ ರೈಲ್ವೆ ಗುಮಾಸ್ತರಾಗಿದ್ದರು. ಮನೆಯ ಹಿತ್ತಲ ಗೋಡೆಯಾಚೆಗೇ ಹಳಿ. ಪ್ಯಾಸೆಂಜರ್ ರೈಲು ಬಂದು ಹೋದರೆ ನಮಗೆ ಗೊತ್ತೂ ಆಗುತ್ತಿರಲಿಲ್ಲ. ಆದರೆ ಗೂಡ್ಸ್ ಬಂತೆಂದರೆ ಮನೆಯ ಪಾತ್ರೆಗಳೆಲ್ಲ ನಡುಗುತ್ತಿದ್ದವು. ಗೋಡೆಗೆ ತೂಗುಹಾಕಿದ ಕ್ಯಾಲೆಂಡರು ಅಲ್ಲಾಡುತ್ತಿತ್ತು. ಆಗ ಯಾರು ಯಾರಿಗೂ ಏನೂ ಹೇಳುವಂತಿರಲಿಲ್ಲ, ಹೇಳಿದರೂ ಕೇಳಿಸುತ್ತಿರಲಿಲ್ಲ. ಅಪ್ಪ ಅಮ್ಮ ಜಗಳವಾಡುತ್ತಿದ್ದರೆ ಇಬ್ಬರೂ ಅರ್ಧ ವಾಕ್ಯದಲ್ಲಿ ನಿಲ್ಲಿಸಿ, ಬಾಯಿ ತೆರೆದುಕೊಂಡೇ, ಗೂಡ್ಸ್ ಮುಗಿಯುವುದನ್ನು ಕಾಯುತ್ತಿದ್ದರು. ನಾನು ಹಿತ್ತಲ ಬಾಗಿಲಲ್ಲಿ ನಿಂತು ವ್ಯಾಗನ್ ಎಣಿಸುತ್ತಿದ್ದೆ. ಕೊನೆಯ ಗಾರ್ಡ್ ಡಬ್ಬಿ ಕಣ್ಮರೆಯಾಗುವ ಹೊತ್ತಿಗೆ ಅಪ್ಪನಿಗೆ ತಾನು ಎಲ್ಲಿ ನಿಲ್ಲಿಸಿದ್ದೆನೆಂದು ಮರೆತಿರುತ್ತಿತ್ತು. ಅಮ್ಮನಿಗೆ ಮರೆಯುತ್ತಿರಲಿಲ್ಲ, ಆದರೆ ದನಿ ಒಂದು ಮೆಟ್ಟಿಲು ಇಳಿದಿರುತ್ತಿತ್ತು.

ನನ್ನ ತಂಗಿ ಗಿರಿಜ ಪಿಯುಸಿ ಮುಗಿಸಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರುತ್ತೇನೆಂದಾಗ ಅಪ್ಪ, "ಹೆಣ್ಮಗು ಕಂಡೋರ ರಕ್ತ ತೆಗೆಯೋ ಕೆಲಸ ಮಾಡೋದು..." ಎಂದು ಶುರು ಮಾಡಿದ್ದರು. ಅಷ್ಟರಲ್ಲಿ ಗೂಡ್ಸ್ ಬಂತು. ಅವತ್ತಿನದು ಬಹಳ ಉದ್ದದ್ದು. ಅದು ಹೋಗುವಷ್ಟು ಹೊತ್ತೂ ಗಿರಿಜ ಅಪ್ಪನ ಮುಖವನ್ನೇ ನೋಡುತ್ತ ನಿಂತಿದ್ದಳು. ಸದ್ದು ನಿಂತ ಮೇಲೆ ಅಪ್ಪ ಕೆಮ್ಮಿ, "ಎಲ್ಲಿ, ಫಾರಂ ತಾ" ಎಂದರು. ಆ ರೈಲು ಐದು ನಿಮಿಷ ತಡವಾಗಿದ್ದರೆ ಅವಳು ಏನಾಗಿರುತ್ತಿದ್ದಳೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವಳು ಯೋಚಿಸಿದಂತಿಲ್ಲ. ಕೇಳಿದರೆ, "ಸಂಜೆ ಇನ್ನೊಂದ್ ಗೂಡ್ಸ್ ಇತ್ತಲ್ಲ" ಎನ್ನುತ್ತಾಳೆ.

ಈಗ ಕಾರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗೆ ಕಾರು ಬಂದದ್ದು ಎರಡು ವರ್ಷದ ಹಿಂದೆ. ಮೊದಲು ಕಲಿತವಳು ಸುಮಿತ್ರ. ಯಲಹಂಕದ ಶಾಹಿದಾ ಮೇಡಂ ಎಂಬವರ ಹತ್ತಿರ ಒಂದೇ ತಿಂಗಳಲ್ಲಿ ಕಲಿತು, ಮೊದಲ ಪರೀಕ್ಷೆಯಲ್ಲೇ ಲೈಸೆನ್ಸ್ ತಂದಳು. ಆಮೇಲೆ ಒಂದು ವರ್ಷ ನಾನು ಪಕ್ಕದ ಸೀಟಿನಲ್ಲಿ ಕೂತು, "ಅಯ್ಯೋ, ನಿಧಾನ, ಅಲ್ಲಿ ನಾಯಿ" ಎನ್ನುವ ಕೆಲಸವನ್ನು ನಿಷ್ಠೆಯಿಂದ ಮಾಡಿದೆ. ಕೊನೆಗೆ ಅವಳೇ ನನ್ನನ್ನು ಮೇಡಂ ಮನೆಯ ಮುಂದೆ ಇಳಿಸಿ, "ಇವರಿಗೂ ಕಲಿಸ್ಬಿಡಿ ಮೇಡಂ, ನನಗೆ ಶಾಂತಿ ಬೇಕು" ಎಂದಳು.

ಶಾಹಿದಾ ಮೇಡಂಗೆ ಐವತ್ತರ ಹತ್ತಿರ. ಗಂಡ ಶಾಲೆಯ ವ್ಯಾನ್ ಓಡಿಸುತ್ತಿದ್ದರು. ಅವರಿಂದಲೇ ಕಲಿತು, ಮೊದಲು ನೆರೆಯ ಹೆಂಗಸರಿಗೆ, ಆಮೇಲೆ ಊರಿಗೇ ಕಲಿಸುವವರಾದರು. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ, ಅಡ್ಡ ಬಂದವರಿಗೆ ಎರಡೂ. ಮಧ್ಯೆ ಮಗಳ ಫೋನ್ ಬಂದರೆ "ಆತೂಂ ಬೋಲೀ ನಾ", ಬರ್ತೀನಿ ಅಂದೆನಲ್ಲ, ಎಂದು ಒಂದೇ ಮಾತಿನಲ್ಲಿ ಮುಗಿಸಿ, ಕಣ್ಣನ್ನು ರಸ್ತೆಯಿಂದ ತೆಗೆಯುತ್ತಲೇ ಇರಲಿಲ್ಲ. ಕಲಿಸುವ ಕಾರಿನಲ್ಲಿ ಅವರ ಕಾಲ ಕೆಳಗೂ ಒಂದು ಬ್ರೇಕು ಇರುತ್ತದೆ. ನನ್ನ ಮೊದಲ ಪಾಠದ ದಿನ ಅದು ಬಹಳ ದುಡಿಯಿತು.

ಅಲ್ಲಾಳಸಂದ್ರದ ಕೆರೆಯ ಪಕ್ಕದ ರಸ್ತೆ. ಬೆಳಗಿನ ಏಳು ಗಂಟೆ. ದೂರದಲ್ಲಿ ಒಂದು ನಾಯಿ. ನಾನು ಸ್ಟೀರಿಂಗನ್ನು ಹಗ್ಗದ ಹಾಗೆ ಹಿಡಿದುಕೊಂಡು ಕೇಳಿದೆ: "ಮೇಡಂ, ಅಕಸ್ಮಾತ್ ಆ ನಾಯಿ ಅಡ್ಡ ಬಂದ್ರೆ?"

"ನಾಯಿ ಈಗ ಏನ್ ಮಾಡ್ತಿದೆ ಸಾರ್?"

"ಮಲಗಿದೆ."

"ಹಂಗಾದ್ರೆ ಮಲಗಿದೆ ಅನ್ನಿ."

"ಎದ್ದು ಬಂದ್ರೆ ಅಂತ..."

ಅಷ್ಟರಲ್ಲಿ ಅವರ ಬ್ರೇಕು ಬಿತ್ತು. ಕಾರು ನಿಂತಿತು. ಬಂಪರಿನಿಂದ ಒಂದು ಗೇಣು ದೂರದಲ್ಲಿ ವಿದ್ಯುತ್ ಕಂಬವಿತ್ತು. ನಾನು ಅದನ್ನು ನೋಡಿಯೇ ಇರಲಿಲ್ಲ. ನಾಯಿ ತಲೆ ಎತ್ತಿ ನಮ್ಮನ್ನು ನೋಡಿ ಮತ್ತೆ ಮಲಗಿತು.

"ನೋಡಿದ್ರಾ?" ಎಂದರು ಮೇಡಂ, ಸ್ವಲ್ಪವೂ ಸಿಟ್ಟಿಲ್ಲದೆ. "ಬರದೇ ಇರೋ ನಾಯಿನ ನೋಡ್ತಾ ಕೂತ್ರಿ. ಇರೋ ಕಂಬ ಕಾಣ್ಲಿಲ್ಲ. ಇವತ್ತಿಂದ ನಿಮ್ಗೆ ಏನ್ ಕಾಣ್ತಿದೆ ಅದನ್ನ ಹೇಳ್ತಾ ಓಡಿಸ್ಬೇಕು. ಬಾಯಿಬಿಟ್ಟು. ಮನಸ್ಸಲ್ಲಿ ಹೇಳ್ಕೊಂಡ್ರೆ ಆಗಲ್ಲ. ಮನಸ್ಸು ಕಳ್ಳ ಇರ್ತದೆ, ಬಾಯಿಗೆ ಅಷ್ಟು ಬುದ್ಧಿ ಇಲ್ಲ."

ನಾನು ಮೇಷ್ಟ್ರು. ವಾದಿಸದೆ ಇರಲಾಗಲಿಲ್ಲ. "ಹಾಗಾದ್ರೆ ಮುಂದೇನಾಗಬಹುದು ಅಂತ ಯೋಚನೇನೇ ಮಾಡಬಾರದಾ?"

"ಮಾಡಿ. ರೋಡಿಗೆ ಚೆಂಡು ಬಂದ್ರೆ ಹಿಂದೇನೇ ಮಗು ಬರತ್ತೆ ಅಂತ ಬ್ರೇಕ್ ಹಾಕಿ. ಚೆಂಡು ಕಾಣ್ತು, ಅದಕ್ಕೆ. ಚೆಂಡೂ ಇಲ್ಲ, ಮಗೂನೂ ಇಲ್ಲ, ಸುಮ್ನೆ ಬ್ರೇಕ್ ಹಾಕ್ತಾ ಇದ್ರೆ ಹಿಂದಿನ ಗಾಡಿ ಬಂದು ಗುದ್ದತ್ತೆ."

ಇಷ್ಟು ಸರಳವಾದ ಮಾತನ್ನು ನನಗೆ ಐವತ್ತು ವರ್ಷ ಯಾರೂ ಹೇಳಿರಲಿಲ್ಲ. ಅಥವಾ ಹೇಳಿದ್ದರು, ನಾನು ನಾಯಿಯನ್ನು ನೋಡುತ್ತಿದ್ದೆ.

ಅಂದಿನಿಂದ ಹೇಳುತ್ತ ಓಡಿಸತೊಡಗಿದೆ. ಮೊದಮೊದಲು ನಾಚಿಕೆ. ಒಂದು ವಾರದಲ್ಲಿ ವಿಚಿತ್ರವಾದ ಸುಖ. "ಬಸ್ಸು ನಿಂತಿದೆ. ಬಾಗಿಲು ತೆರೆದಿದೆ. ಇಬ್ಬರು ಇಳಿದರು" ಎನ್ನುತ್ತಿರುವಷ್ಟು ಹೊತ್ತು ತಲೆಯೊಳಗೆ ಬೇರೆ ಯಾವ ಗಲಾಟೆಯೂ ಇರುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ಮುಖ ಗಂಟಿಕ್ಕಿದರೆ, ಇವರಿಗೆ ನನ್ನ ಮೇಲೆ ಕೋಪ ಎಂದು ಇಡೀ ದಿನ ಕೊರಗುವ ನಾನು, "ಮುಖ ಗಂಟಿಕ್ಕಿದ್ದಾರೆ. ಕೆನ್ನೆ ಹಿಡಿದುಕೊಂಡಿದ್ದಾರೆ" ಎಂದು ನನ್ನಷ್ಟಕ್ಕೆ ಹೇಳಿಕೊಂಡು, ವಿಚಾರಿಸಿ, ಹಲ್ಲುನೋವೆಂದು ತಿಳಿದುಕೊಳ್ಳುವ ಮಟ್ಟಕ್ಕೆ ಬಂದೆ.

ಹೀಗೆ ನಾನು ಮೂರನೆಯ ಗೇರಿಗೂ ಸ್ವಲ್ಪ ವಿವೇಕಕ್ಕೂ ಏರುತ್ತಿದ್ದ ದಿನಗಳಲ್ಲೇ ಒಂದು ಭಾನುವಾರ ಗಿರಿಜ ಮನೆಗೆ ಬಂದಳು.

ಅವಳಿಗೀಗ ನಲವತ್ತನಾಲ್ಕು. ಹೆಬ್ಬಾಳದ ಕಡೆ ಒಂದು ಲ್ಯಾಬಿನಲ್ಲಿ ಕೆಲಸ. ಅವಳು ಸೂಜಿ ಚುಚ್ಚಿದರೆ ಮಕ್ಕಳು ಕೂಡ ಅಳುವುದನ್ನು ಮರೆಯುತ್ತಾರೆ ಎಂಬ ಹೆಸರಿದೆ. ಮದುವೆಯಾಗಲಿಲ್ಲ. ಅಪ್ಪ ಹೋದ ಮೇಲೆ ಅಮ್ಮ ಹಾಸಿಗೆ ಹಿಡಿದಳು, ಎಂಟು ವರ್ಷ. ನಾನು ಹಿರಿಯ ಮಗ. ಆದರೆ ಅಮ್ಮ ಇದ್ದದ್ದು ಗಿರಿಜಳ ಮನೆಯಲ್ಲಿ. ನಾನು ಪ್ರತಿ ಭಾನುವಾರ ಹಣ್ಣು ಹಿಡಿದುಕೊಂಡು ಹೋಗಿ, "ಹೇಗಿದ್ದೀಯಮ್ಮ" ಎಂದು ಕೇಳಿ, ಕಾಫಿ ಕುಡಿದು, ಬಹಳ ಜವಾಬ್ದಾರಿ ಹೊತ್ತವನ ಹಾಗೆ ನಿಟ್ಟುಸಿರುಬಿಟ್ಟು ಬರುತ್ತಿದ್ದೆ. ರಾತ್ರಿ ಹಗಲೆನ್ನದೆ ಅಮ್ಮನ ಮಗ್ಗುಲು ಬದಲಿಸುತ್ತಿದ್ದವಳು ಅವಳು. ಅಮ್ಮ ಹೋಗಿ ಮೂರು ವರ್ಷವಾಗಿತ್ತು.

ಅಂದು ಗಿರಿಜ ಒಂದು ಚೀಲ ಅವರೆಕಾಯಿ ತಂದಿದ್ದಳು. ಮೂವರೂ ಹಜಾರದಲ್ಲಿ ಕೂತು ಸುಲಿಯುತ್ತಿದ್ದೆವು. ಅವಳು ಕಾಳಿನಿಂದ ಕಣ್ಣೆತ್ತದೆ, "ಅಣ್ಣಾ, ನಾನು ಮದುವೆ ಆಗ್ತಿದೀನಿ" ಎಂದಳು.

ಸುಮಿತ್ರ ಸುಲಿಯುವುದನ್ನು ನಿಲ್ಲಿಸಲಿಲ್ಲ, ಆದರೆ ಕಾಳನ್ನು ಸಿಪ್ಪೆಯ ಗುಡ್ಡೆಗೆ ಹಾಕಿದಳು.

ಹುಡುಗನ ಹೆಸರು ಮುನಿರಾಜು. ಹುಡುಗ ಎಂದರೆ ನಲವತ್ತೇಳು. ರಾಜಾನುಕುಂಟೆಯ ಹತ್ತಿರ ಗಿಡಗಳ ನರ್ಸರಿ. ಆರು ವರ್ಷದ ಹಿಂದೆ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿಲ್ಲ. ರಕ್ತ ಪರೀಕ್ಷೆಗೆಂದು ಲ್ಯಾಬಿಗೆ ಬಂದು, ಸೂಜಿ ಕಂಡ ಕೂಡಲೇ ಆರಡಿ ಎತ್ತರದ ಆ ಮನುಷ್ಯ ಕುರ್ಚಿಯಿಂದ ಜಾರಿ ಬಿದ್ದಿದ್ದನಂತೆ. ಪರಿಚಯವಾದದ್ದು ಹಾಗೆ. ನಮ್ಮ ಜಾತಿಯಲ್ಲ ಎಂಬುದನ್ನೂ ಅವಳು ಅದೇ ಉಸಿರಿನಲ್ಲಿ ಹೇಳಿದಳು, ಅವರೆಕಾಯಿ ಎಲ್ಲಿಂದ ತಂದೆನೆಂದು ಹೇಳುವ ಹಾಗೆ.

ನಾನು ಗಂಟಲು ಸರಿಪಡಿಸಿಕೊಂಡು, "ಯೋಚನೆ ಮಾಡಿ ಹೇಳ್ತೀನಮ್ಮ" ಎಂದೆ.

ಅವಳು ನನ್ನ ಮುಖ ನೋಡಿದಳು. ಏನೋ ಹೇಳಲು ಹೊರಟು, "ಸರಿ ಅಣ್ಣ" ಎಂದು ಮತ್ತೆ ಕಾಯಿಗೆ ಕೈ ಹಾಕಿದಳು.

ಆಮೇಲೆ ಮೂರು ವಾರ ನಾನು ಯೋಚನೆ ಮಾಡಿದೆ. ಕಾಗದದ ಮಧ್ಯೆ ಗೆರೆ ಎಳೆದೆ. ಒಳ್ಳೆಯದರ ಕಡೆ "ಅವಳಿಗೆ ಇಷ್ಟ" ಎಂದು ಬರೆದೆ. ಕೆಟ್ಟದ್ದರ ಕಡೆ ಜಾಗ ಸಾಲಲಿಲ್ಲ. ಅಕಸ್ಮಾತ್ ಅವನು ಕುಡುಕನಾಗಿದ್ದರೆ? ಅಕಸ್ಮಾತ್ ಅವನ ಕಡೆಯವರು ಇವಳನ್ನು ಒಳಗೆ ಸೇರಿಸದಿದ್ದರೆ? ಅಕಸ್ಮಾತ್ ಇವಳನ್ನು ಬಿಟ್ಟಿ ಆಳಿನ ಲೆಕ್ಕಕ್ಕಷ್ಟೇ ಇಟ್ಟುಕೊಂಡರೆ? ಅಕಸ್ಮಾತ್ ನೆಂಟರ ಮನೆಯ ಊಟದಲ್ಲಿ ಯಾರಾದರೂ ಕೇಳಿದರೆ? ಎಲ್ಲ ಸಾಲೂ ಒಂದೇ ಪದದಿಂದ ಶುರುವಾಗಿತ್ತು. ಮಕ್ಕಳ ಉತ್ತರ ಪತ್ರಿಕೆಯಾಗಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದೆ. ನನ್ನದೇ ಆದ್ದರಿಂದ ಮಡಿಚಿ ಜೇಬಿನಲ್ಲಿಟ್ಟುಕೊಂಡೆ.

ಸುಮಿತ್ರ ಒಂದು ದಿನ ಕೇಳಿದಳು: "ಇದರಲ್ಲಿ ಗಿರಿಜಂಗೆ ಆಗೋ ತೊಂದರೆ ಯಾವುದು, ನಿಮಗೆ ಆಗೋ ಮುಜುಗರ ಯಾವುದು, ಬೇರೆ ಬೇರೆ ಮಾಡಿ ನೋಡಿದ್ದೀರಾ?" ನೋಡಿರಲಿಲ್ಲ. ನೋಡಿದಾಗ ಅರ್ಧಕ್ಕಿಂತ ಹೆಚ್ಚು ನನ್ನವೇ ಆಗಿದ್ದವು. ಆದರೂ ಮನಸ್ಸು ಗಟ್ಟಿಯಾಗಲಿಲ್ಲ.

ಮೂರನೆಯ ಭಾನುವಾರ ಮೇಡಂ, "ಇವತ್ತು ದೊಡ್ಡ ರೋಡು" ಎಂದರು. ಯಲಹಂಕ ದಾಟಿ ದೊಡ್ಡಬಳ್ಳಾಪುರದ ರಸ್ತೆ ಹಿಡಿದೆವು. ರಾಜಾನುಕುಂಟೆಯ ದಾರಿ ಅದೇ ಎಂದು ನನಗೆ ಗೊತ್ತಿತ್ತು. ಆದರೆ ನಾಲ್ಕನೆಯ ಗೇರಿನಲ್ಲಿ ಹೋಗುವವನಿಗೆ ಬೇರೆ ಚಿಂತೆ ಎಲ್ಲಿಂದ ಬರಬೇಕು? ಕಂಡದ್ದನ್ನು ಹೇಳುತ್ತ ಹೊರಟೆ.

"ಮುಂದೆ ಹಾಲಿನ ಲಾರಿ. ಎಡಕ್ಕೆ ಸೀಬೆಹಣ್ಣಿನ ಗಾಡಿ. ಮುಂದೆ ಹಂಪು. ನಿಧಾನ. ಎಡಕ್ಕೆ ನರ್ಸರಿ. ಗೇಟಿನ ಹತ್ರ ಕೆಮ್ಮಣ್ಣಿನ ಗುಡ್ಡೆ. ಒಬ್ಬ ಗಂಡಸು, ಎತ್ತರ ಇದ್ದಾನೆ, ಕುಂಡ ಎತ್ತಿಡ್ತಿದ್ದಾನೆ. ಒಬ್ಬಳು ಹೆಂಗಸು ಪೈಪಿನಲ್ಲಿ ನೀರು ಬಿಡ್ತಿದ್ದಾಳೆ. ನೀರು ಗಿಡಕ್ಕೆ ಬೀಳ್ತಿಲ್ಲ, ಗಂಡಸಿನ ಮೇಲೆ ಬೀಳ್ತಿದೆ. ಹೆಂಗಸು ನಗ್ತಿದ್ದಾಳೆ. ಹೆಂಗಸು..."

ಕಾರು ಕುಪ್ಪಳಿಸಿ ಬಂದ್ ಆಯಿತು.

"ಯಾರು ಸಾರ್?"

"ನನ್ನ ತಂಗಿ."

ಹಿಂದೆ ಯಾರೋ ಹಾರನ್ ಒತ್ತಿದರು. ಮೇಡಂ ಕಿಟಕಿಯಿಂದ ಕೈ ಹೊರಗೆ ಹಾಕಿ ಆ ಗಾಡಿಯನ್ನು ಮುಂದೆ ಕಳುಹಿಸಿದರು. ಆಮೇಲೆ ಎಂದಿನ ದನಿಯಲ್ಲೇ, "ಇನ್ನೇನ್ ಕಾಣ್ತಿದೆ ಹೇಳಿ ಸಾರ್" ಎಂದರು.

ನಾನು ನೋಡಿದೆ. ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ. ಕಾಲಿಗೆ ಮಣ್ಣು. ಗಿರಿಜಳ ಮುಂದಿನ ಹಲ್ಲೊಂದು ಸ್ವಲ್ಪ ಸೊಟ್ಟ. ಹತ್ತು ವರ್ಷದವಳಿದ್ದಾಗ ಕ್ಲಾಸಿನಲ್ಲಿ ಯಾರೋ ಆಡಿಕೊಂಡರೆಂದು, ಅಂದಿನಿಂದ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳದೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಮನೆಯ ಫೋಟೊಗಳಲ್ಲೆಲ್ಲ ಅವಳ ಅಂಗೈ ಇದೆ.

"ಕೈ ಬಾಯಿಗೆ ಹೋಗ್ತಿಲ್ಲ ಮೇಡಂ" ಎಂದೆ. "ಪೈಪನ್ನ ಎರಡೂ ಕೈಯಲ್ಲಿ ಹಿಡ್ಕೊಂಡು ನಗ್ತಿದ್ದಾಳೆ."

ಮೇಡಂಗೆ ಅರ್ಥವಾಗಿರಲಿಕ್ಕಿಲ್ಲ. ಆದರೂ ಕೇಳಿದರು: "ಡೇಂಜರ್ ಏನಾದ್ರೂ ಕಾಣ್ತಿದೆಯಾ?"

"ಇಲ್ಲ."

"ಹಂಗಾದ್ರೆ ಸ್ಟಾರ್ಟ್ ಮಾಡಿ. ಹಿಂದೆ ಬಸ್ ಬರ್ತಿದೆ."

ವಾಪಸು ಬರುವಾಗ ಅವರಿಗೆ ಎಲ್ಲ ಹೇಳಿಬಿಟ್ಟೆ. ಅವರು ನಕ್ಕರು. "ನಿಮ್ಮ ಮನೇಲಿ ಅಕಸ್ಮಾತ್, ನಮ್ಮ ಮನೇಲಿ ಅಗರ್. ನಾನು ಕಾರ್ ಕಲಿಸ್ತೀನಿ ಅಂದಾಗ ನಮ್ಮತ್ತೆ ಒಂದು ತಿಂಗಳು ಅಗರ್ ಅಗರ್ ಅಂತಾನೇ ಇದ್ರು. ಆಮೇಲೆ ಅವರನ್ನೇ ಕೂರಿಸ್ಕೊಂಡು ಒಂದ್ ರೌಂಡ್ ಹೊಡೆದೆ. ಈಗ ಶುಕ್ರವಾರ ಆದ್ರೆ ಎಲ್ಲಿಗಾದ್ರೂ ಕರ್ಕೊಂಡ್ ಹೋಗು ಅಂತಾರೆ." ಮತ್ತೆ ಹೇಳಿದರು: "ಆದ್ರೆ ಸಾರ್, ಓಡೋ ಗಾಡಿಯಿಂದ ನೋಡಿದ್ದು ಸಾಕಾಗಲ್ಲ. ಇಳಿದು ನೋಡಿ."

ಇಳಿದು ನೋಡಲು ಮರುದಿನ ಸಂಜೆ ಬಸ್ಸಿನಲ್ಲಿ ಹೋದೆ. ಗಿರಾಕಿಯ ವೇಷ ಎಂದು ನನ್ನ ಅಂದಾಜು. ನರ್ಸರಿಯೊಳಗೆ ಹೋಗಿ, ಎಲ್ಲ ಗಿಡಗಳನ್ನೂ ಗಂಭೀರವಾಗಿ ನೋಡಿ, "ಕರಿಬೇವಿನ ಸಸಿ ಇದೆಯಾ?" ಎಂದು ಕೇಳಿದೆ.

ಮುನಿರಾಜು ಕೈ ತೊಳೆದುಕೊಂಡು ಬಂದ. "ಐತೆ ಸಾರ್. ಇಂಗೆ ನೆಳ್ಳಾಗೆ ಬನ್ನಿ, ಕುಂತ್ಕೊಳ್ಳಿ. ನೀವು ಗಿರಿಜಾ ಅವ್ರ ಅಣ್ಣ ಅಲ್ವಾ? ನಿನ್ನೆ ರೋಡಾಗೆ ಕಾರ್ ಬಂದ್ ಆಗಿತ್ತಲ್ಲ, ಅವ್ರೇ ಏಳಿದ್ರು. ಅದು ನಮ್ಮಣ್ಣ, ಕಲೀತಾವ್ರೆ, ನೋಡ್ಬೇಡಿ, ಗಾಬರಿ ಆಯ್ತಾರೆ ಅಂದ್ರು."

ವೇಷ ಅಲ್ಲಿಗೆ ಮುಗಿಯಿತು. ಕುರ್ಚಿಯಲ್ಲಿ ಕೂತೆ. ಅವನು ಚಹಾ ತರಿಸಿದ. ಏನು ಕೇಳುವುದೆಂದು ನಾನು ಕಪ್ಪಿನೊಳಗೆ ನೋಡುತ್ತಿದ್ದೆ. ಅವನೇ, "ಕೇಳ್ಬೇಕಾದ್ದು ಕೇಳ್ಬುಡಿ ಸಾರ್" ಎಂದ.

"ಕುಡೀತೀರಾ?" ಎಂದುಬಿಟ್ಟೆ. ಜೀವನದಲ್ಲಿ ಇಷ್ಟು ನೇರವಾದ ಪ್ರಶ್ನೆಯನ್ನು ಪರೀಕ್ಷೆಯಲ್ಲೂ ಕೇಳಿದವನಲ್ಲ.

"ಕುಡೀತಿದ್ದೆ ಸಾರ್. ಎಂಡ್ತಿ ಓದ್ಮೇಲೆ ಬೋ ಜಾಸ್ತಿ ಆಗಿತ್ತು. ಲಿವರ್ ಟೆಸ್ಟ್ ಮಾಡ್ಸು ಅಂತ ಡಾಕ್ಟ್ರು ಕಳ್ಸಿದ್ಕೇ ಅವ್ರ ಲ್ಯಾಬಿಗೆ ಓಗಿದ್ದು. ಬುಟ್ಟು ನಾಕ್ ವರ್ಸ ಆಯ್ತು. ಅವ್ರತ್ರ ಮುಚ್ಚಿಕ್ಕಕ್ಕೆ ಆಗ್ತಿರ್ಲಿಲ್ಲ ಸಾರ್, ರಕ್ತದಾಗೇ ಕಾಣ್ತದಲ್ಲ." ಅವನು ನಗಲಿಲ್ಲ. "ನೀವು ಕೇಳಿದ್ದು ಒಳ್ಳೇದೇ ಆಯ್ತು."

ನನ್ನ ಪಟ್ಟಿಯಲ್ಲಿ ಇದ್ದ ಅಕಸ್ಮಾತ್‌ಗಳಲ್ಲಿ ಒಂದು ನಿಜವಾಗಿ ರಸ್ತೆಗೆ ಬಂದಿತ್ತು. ಬಸ್ಸಿನಲ್ಲಿ ಕರಿಬೇವಿನ ಸಸಿಯನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದೆ. ನಗು ಕಂಡಿದ್ದೂ ನಿಜ, ಇದು ಕಂಡಿದ್ದೂ ನಿಜ. ಮುಚ್ಚಿಡದೆ ಹೇಳಿದ ಎಂಬುದೂ ಕಂಡದ್ದೇ. ಎರಡು ದಿನ ಒದ್ದಾಡಿ, ಕೊನೆಗೆ ಮೂರನೆಯ ದಿನ ಶಾಲೆ ಮುಗಿಸಿಕೊಂಡು ನೇರವಾಗಿ ಅಲ್ಲಾಳಸಂದ್ರಕ್ಕೆ, ಗಿರಿಜಳ ಮನೆಗೆ ಹೋದೆ. ದಾರಿಯುದ್ದಕ್ಕೂ ಒಂದು ಭಾಷಣ ಸಿದ್ಧಪಡಿಸಿಕೊಂಡಿದ್ದೆ. ಅದರಲ್ಲಿ ಹಿರಿಯಣ್ಣ, ತಂದೆಯ ಸ್ಥಾನ, ಒಪ್ಪಿಗೆ, ಎಚ್ಚರಿಕೆ ಎಂಬ ನಾಲ್ಕು ಭಾಗಗಳಿದ್ದವು.

ಅವಳು ಆಗಷ್ಟೇ ಕೆಲಸದಿಂದ ಬಂದು ಮುಖ ತೊಳೆದಿದ್ದಳು. ಟವೆಲ್ ಹೆಗಲ ಮೇಲಿತ್ತು. ನಾನು ನಿಂತುಕೊಂಡೇ ಶುರು ಮಾಡಿದೆ. "ಗಿರಿಜಾ, ನಾನು ಎಲ್ಲಾ ಯೋಚನೆ ಮಾಡ್ದೆ. ಮುನಿರಾಜುನ ನೋಡಿ ಬಂದೆ. ಒಂದು ವಿಷಯ ಇದೆ, ಅವನು ಮುಂಚೆ..."

"ಕುಡೀತಿದ್ರು. ಗೊತ್ತು. ಆರು ತಿಂಗಳಿಗೊಂದ್ ಸಲ ಅವರ ರಿಪೋರ್ಟ್ ನಾನೇ ನೋಡ್ತೀನಿ ಅಣ್ಣ. ಮೊದಲನೇದು ಎಷ್ಟು ಕೆಟ್ಟದಾಗಿತ್ತು, ಈಗಿನದು ಹೇಗಿದೆ, ಎಲ್ಲಾ ನೋಡಿದೀನಿ. ನೀನು ಒಂದ್ ಸಂಜೆ ನೋಡಿದ್ದೀಯ, ನಾನು ನಾಲ್ಕು ವರ್ಷದಿಂದ ನೋಡ್ತಿದೀನಿ."

ಭಾಷಣದ ಮೂರು ಭಾಗ ಅಲ್ಲೇ ಉದುರಿಹೋದವು. ಉಳಿದದ್ದನ್ನು ಹೇಳಿದೆ. "ಸರಿ. ಹಾಗಾದ್ರೆ ನನ್ನ ಒಪ್ಪಿಗೆ ಇದೆ."

ಅವಳು ಟವೆಲಿನಿಂದ ಕಿವಿಯ ಹಿಂದೆ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ, ತಮಾಷೆಯೂ ಇರಲಿಲ್ಲ.

"ಅಣ್ಣಾ, ನಾನು ಕೇಳಿರ್ಲಿಲ್ಲ. ಹೇಳಿದ್ದೆ ಅಷ್ಟೇ."

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಹೌದಲ್ಲ. ಅವರೆಕಾಯಿ ಸುಲಿಯುವಾಗ ಅವಳು ಆಡಿದ ಮಾತಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇರಲೇ ಇಲ್ಲ. ಮೂರೂವರೆ ವಾರ, ಗೆರೆ ಎಳೆದ ಕಾಗದ, ಬಸ್ಸು, ಸಸಿ, ಇಷ್ಟೆಲ್ಲ ಮಾಡಿ ನಾನು ಬಹಳ ಶಿಸ್ತಿನಿಂದ ತೆಗೆದುಕೊಂಡ ತೀರ್ಮಾನ ನನ್ನದೇ ಆಗಿರಲಿಲ್ಲ. ಯೋಚನೆ ಮಾಡುವುದು ಹೇಗೆ ಎಂದು ಕಲಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಯಾರು ಮಾಡಬೇಕಾದ ಯೋಚನೆ ಎಂದು ಮೊದಲು ಕೇಳಿಕೊಳ್ಳಿ ಎಂದು ಫೋನಿನ ಆ ಟೈ ಕಟ್ಟಿಕೊಂಡವರೂ ಹೇಳಿರಲಿಲ್ಲ.

"ಅವತ್ತೇ ಹೇಳಬಾರದಿತ್ತಾ?"

"ಹೇಳೋಣ ಅಂದ್ಕೊಂಡೆ. ನೀನು ಅಷ್ಟು ಸೀರಿಯಸ್ಸಾಗಿ ಯೋಚನೆ ಮಾಡ್ತೀನಿ ಅಂದ್ಯಲ್ಲ, ಮನಸ್ಸಾಗ್ಲಿಲ್ಲ." ಈಗ ಅವಳ ತುಟಿಯಲ್ಲಿ ಸಣ್ಣಗೆ ನಗು ಬಂತು. "ಅವತ್ತು ನಾನು ನಿಮ್ಮನೆಗೆ ಬರೋಕೆ ಎರಡು ದಿನ ಮುಂಚೇನೇ ಮದುವೆ ನೋಟಿಸ್ ಕೊಟ್ಟಾಗಿತ್ತು. ಮುಂದಿನ ಗುರುವಾರ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಸಹಿ."

ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಫೋಲ್ಡರು ತಂದು ನನ್ನ ತೊಡೆಯ ಮೇಲಿಟ್ಟಳು. ನಾನು ಕನ್ನಡಕ ಹಾಕಿಕೊಂಡೆ. ಒಂದು ಹಾಳೆಯಲ್ಲಿ ಸಾಕ್ಷಿಗಳ ಹೆಸರು, ವಿಳಾಸ ಅವಳ ಅಚ್ಚುಕಟ್ಟಾದ ಅಕ್ಷರದಲ್ಲಿದ್ದವು. ಒಂದನೆಯದು ಅವಳ ಲ್ಯಾಬಿನ ಗೆಳತಿಯದು. ಎರಡನೆಯದು ಮುನಿರಾಜುವಿನ ದೊಡ್ಡಪ್ಪನ ಮಗನದು. ಮೂರನೆಯ ಸಾಲಿನಲ್ಲಿ ಅಂಕಿ ಮಾತ್ರ ಇತ್ತು, ಎದುರಿಗೆ ಏನೂ ಇರಲಿಲ್ಲ.

"ಮೂರು ಜನ ಬೇಕಂತೆ" ಎಂದಳು. "ಲ್ಯಾಬಲ್ಲಿ ಕೇಳಿದ್ರೆ ಯಾರಾದ್ರೂ ಬರ್ತಾರೆ. ಆದ್ರೆ ಬರೆದಿಲ್ಲ. ನಿಂಗೆ ಶಾಲೆ ಇರತ್ತೆ, ನೆಂಟರು ಏನಂತಾರೋ ಅದೂ ಇರತ್ತೆ. ಇದು ಮಾತ್ರ ನೀನು ತೀರ್ಮಾನ ಮಾಡ್ಬೇಕಾದ್ದು. ಯೋಚನೆ ಮಾಡಿ ಹೇಳಣ್ಣ."

ನಾನು ಜೇಬಿನಿಂದ ಪೆನ್ನು ತೆಗೆದು ಹೆಸರು ಬರೆದೆ. ವಿಳಾಸದ ಪಿನ್‌ಕೋಡ್ ತಪ್ಪಿತು, ಹೊಡೆದು ಮತ್ತೆ ಬರೆದೆ. ಕಾಫಿ ಇಡುತ್ತೇನೆಂದು ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ, ಕಾಫಿಯಂತೂ ಬರಲೇ ಇಲ್ಲ.

ಗುರುವಾರ ಹೆಡ್‌ಮಾಸ್ಟರಿಗೆ ರಜೆ ಚೀಟಿ ಕೊಟ್ಟು, ಕಾರಣದ ಜಾಗದಲ್ಲಿ "ತಂಗಿಯ ಮದುವೆ" ಎಂದು ಬರೆದೆ. ಸ್ಟಾಫ್ ರೂಮಿನಲ್ಲಿ ಇಬ್ಬರು ಹುಬ್ಬೇರಿಸಿದರು. ಹುಬ್ಬೇರಿಸಿದ್ದಾರೆ ಎಂದಷ್ಟೇ ನೋಡಿಕೊಂಡು ಹೊರಟೆ.

ಆಫೀಸಿನಲ್ಲಿ ಜನವೋ ಜನ. ಸೈಟು ಬರೆಸುವವರು, ಮನೆ ಬರೆಸುವವರು, ಅವರ ಮಧ್ಯೆ ರೇಷ್ಮೆ ಸೀರೆಯುಟ್ಟ ನನ್ನ ತಂಗಿ. 'ಸೂಜಿ ಬೇಡ್ವಲ್ಲ ಇವತ್ತು' ಎಂದು ಸುಮಿತ್ರ ಮುನಿರಾಜುವನ್ನು ರೇಗಿಸುತ್ತಿದ್ದಳು. ನಮ್ಮ ಸರದಿ ಬಂದಾಗ ಮೇಜಿನ ಹಿಂದಿನ ಗುಮಾಸ್ತ ತಲೆ ಎತ್ತದೆ ನನ್ನ ಆಧಾರ್ ತೆಗೆದುಕೊಂಡು ಕೇಳಿದ:

"ನೀವು ಯಾರ ಕಡೆಯೋರು? ಹುಡುಗಿ ಕಡೆನಾ, ಹುಡುಗನ ಕಡೆನಾ?"

ನಾನು ಬಾಯಿ ತೆರೆಯುವ ಮೊದಲೇ ನನ್ನ ಹಿಂದಿನಿಂದ ಮುನಿರಾಜುವಿನ ದನಿ ಬಂತು.

"ನಮ್ ಕಡೆಯೋರೇ ಸಾರ್."